ಬೇಟೆಯ ಬೆನ್ನುಚೀಲ

ರಸ್ತೆ ಮುಗಿದ ಮೇಲೂ ಮುಂದುವರಿಯುವ ಕಾಡಿನಲ್ಲಿ ಒಂದೆರಡು ದಿನ ತಂಗಬೇಕಾದವರು ಬುತ್ತಿ, ನೀರು, ಹೊದಿಕೆ, ಸಾಮಾನುಗಳನ್ನು ಹೊತ್ತು ಹೋಗಲು, ಮರಳುವಾಗ ಬೇಟೆಯ ಮಾಂಸವನ್ನು ಹೊತ್ತು ತರಲು ಬಳಸುವ ಚೌಕಟ್ಟುಳ್ಳ ಚೀಲ. ಅಮೆರಿಕದ ರಾಕಿ ಪರ್ವತಸಾಲು, ಅಲಾಸ್ಕ, ನ್ಯೂಜಿಲೆಂಡ್ ಮತ್ತು ಉತ್ತರ ಯುರೋಪಿನ ಬೇಟೆಗಾರರ ಅಗತ್ಯದಿಂದ ಇದರ ಇಂದಿನ ರೂಪ ಬೆಳೆದಿದೆ. ಭಾರತದಲ್ಲಿ ವನ್ಯಪ್ರಾಣಿಗಳ ಬೇಟೆ ಅಪರಾಧವಾದ್ದರಿಂದ ಈ ಬಗೆಯ ಚೀಲ ಇಲ್ಲಿ ಬೇರೆಯವರ ಬೆನ್ನೇರಿದೆ. ಅರಣ್ಯ ರಕ್ಷಕರು, ಕಾವಲುಗಾರರು, ಪ್ರಾಣಿಗಣತಿಗೆ ಹೋಗುವವರು, ಹಕ್ಕಿ ನೋಡುವವರು, ಚಾರಣಿಗರು ಇದನ್ನು ಬಳಸುತ್ತಾರೆ. ಕೋಲಾರ ಜಿಲ್ಲೆಯ ಆಗ್ನೇಯ ಅಂಚಿನ ಬಂಗಾರಪೇಟೆ, ಕೆ.ಜಿ.ಎಫ್., ಕ್ಯಾಸಂಬಳ್ಳಿ, ಕಾಮಸಮುದ್ರದ ಕುರುಚಲು ಕಾಡುಗಳಿಗೆ ಎಂಥ ಚೀಲ ಒಗ್ಗುತ್ತದೆ ಎಂಬುದನ್ನು ಮುಖ್ಯವಾಗಿಟ್ಟುಕೊಂಡು ಈ ಲೇಖನ ಬರೆದಿದೆ.

ಕ್ಯಾಸಂಬಳ್ಳಿ ಆಂಧ್ರದ ಗಡಿಗೆ ಹತ್ತಿರದ ಹೋಬಳಿ ಕೇಂದ್ರ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಹುಟ್ಟೂರು ಎಂಬುದರಿಂದ ಹೊರಗಿನವರಿಗೆ ಇದರ ಹೆಸರು ಪರಿಚಿತ. ಸುತ್ತಲಿನ ನೆಲ ರಾಗಿ, ಟೊಮೆಟೊ, ಮಾವು, ನೀಲಗಿರಿಯದು. ಹೊಲಗಳಾಚೆ ಬಂಡೆಗುಡ್ಡಗಳೂ ಮುಳ್ಳುಕಾಡೂ ಶುರುವಾಗುತ್ತವೆ. ಗಡಿ ದಾಟಿದರೆ ಚಿತ್ತೂರು ಜಿಲ್ಲೆಯ ಕೌಂಡಿನ್ಯ ವನ್ಯಧಾಮದ ಸೀಮೆ. ಕರ್ನಾಟಕ ಮತ್ತು ತಮಿಳುನಾಡಿನ ಕಡೆಯಿಂದ 1980ರ ದಶಕದಲ್ಲಿ ಅತ್ತ ವಲಸೆ ಹೋದ ಆನೆಗಳೇ ಆ ವನ್ಯಧಾಮ ಹುಟ್ಟಲು ಕಾರಣ. ಆನೆಗಳಿಗೆ ರಾಜ್ಯದ ಗಡಿಯಿಲ್ಲ. ಅವು ಇಂದಿಗೂ ಕಾಮಸಮುದ್ರದ ಕಡೆಯ ಹೊಲಗಳಿಗೆ ಬರುತ್ತವೆ. ಇವಲ್ಲದೆ ಈ ಸೀಮೆಯಲ್ಲಿ ಚಿರತೆ, ಕರಡಿ, ಕಾಡುಹಂದಿ, ಮೊಲ, ನವಿಲುಗಳಿವೆ. ಕೆ.ಜಿ.ಎಫ್.ನ ಚಿನ್ನದ ಗಣಿಯ ಬಯಲು ಜಮೀನಿನಲ್ಲಿ ಕೃಷ್ಣಮೃಗಗಳಿವೆ. ಇಲ್ಲಿ ಬೆನ್ನುಚೀಲ ಆರಿಸುವವರು ಈ ಪ್ರಾಣಿಗಳನ್ನೂ ಈ ಮುಳ್ಳನ್ನೂ ಇಲ್ಲಿನ ನೀರಿನ ಬರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊರುವ ಹಳೆಯ ವಿಧಾನಗಳು

ಹಳೆ ಮೈಸೂರು ಸೀಮೆಯಲ್ಲಿ ದೂರ ಹೋಗುವವರು ಹೆಗಲಿಗೆ ಹಾಕಿಕೊಳ್ಳುತ್ತಿದ್ದದ್ದು ಹಸಿಬೆ. ಎರಡೂ ತುದಿ ಮುಚ್ಚಿ, ನಡುವೆ ಬಾಯಿ ಬಿಟ್ಟ ಉದ್ದನೆಯ ಬಟ್ಟೆಚೀಲ ಅದು. ಒಂದು ತುದಿ ಎದೆಯ ಮೇಲೆ, ಇನ್ನೊಂದು ಬೆನ್ನ ಮೇಲೆ ಇಳಿಬೀಳುವುದರಿಂದ ಭಾರ ಹಿಂದಕ್ಕೂ ಮುಂದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಹೊತ್ತವನು ಮುಂದಕ್ಕೆ ಬಾಗಬೇಕಾಗಿಲ್ಲ. ಹೊರೆ ಹೊರುವ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ತಿಳಿವಳಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಜೋಳಿಗೆಗೆ ಈ ಗುಣವಿಲ್ಲ. ಒಂದೇ ಹೆಗಲಿಗೆ ತೂಗುವುದರಿಂದ ಸ್ವಲ್ಪ ಹೊತ್ತಿಗೇ ಕತ್ತು ಹಿಡಿಯುತ್ತದೆ. ಹೆಚ್ಚಿನ ಭಾರ ತಲೆಯ ಮೇಲೆ ಸಿಂಬೆಯಲ್ಲೋ, ಹೆಗಲ ಮೇಲೆ ಅಡ್ಡೆಯಲ್ಲೋ ಹೋಗುತ್ತಿತ್ತು. ಯುಗಾದಿಯ ಹೊಸತೊಡಕಿನ ಸಮಯದಲ್ಲಿ ಊರೊಟ್ಟಿಗೆ ಬೇಟೆಗೆ ಹೋಗುವ ರೂಢಿ ಅನೇಕ ಊರುಗಳಲ್ಲಿತ್ತು. ಮೊಲ ಸಿಕ್ಕರೆ ಬಲೆಯ ಜೊತೆಗೇ ಹೆಗಲೇರುತ್ತಿತ್ತು. ಹಂದಿ ಬಿದ್ದರೆ ಕಾಲು ಕಟ್ಟಿ ಗಳುವಿಗೆ ತೂಗುಹಾಕಿ ಇಬ್ಬರು ಹೊರುತ್ತಿದ್ದರು. ಬೆಳಗ್ಗೆ ಹೋಗಿ ಸಂಜೆಗೆ ಮರಳುವ ಬೇಟೆ ಅದು. ಕಾಡಿನಲ್ಲಿ ತಂಗುವ ಪ್ರಮೇಯವಿರಲಿಲ್ಲವಾದ್ದರಿಂದ ಚೀಲದ ಅಗತ್ಯವೂ ಬೀಳಲಿಲ್ಲ.

ಬ್ರಿಟಿಷರ ಶಿಕಾರಿಯಲ್ಲೂ ಚೀಲ ಮುಖ್ಯವಾಗಿರಲಿಲ್ಲ. ಅದಕ್ಕೆ ಕಾರಣ ಬೇರೆ. ದೊರೆಯ ಡೇರೆ, ಹಾಸಿಗೆ, ಅಡಿಗೆ ಸಾಮಾನು ಎತ್ತಿನಗಾಡಿಯಲ್ಲಿ, ಅದು ಹೋಗದ ಕಡೆ ಕೂಲಿಯವರ ತಲೆಯ ಮೇಲೆ ಸಾಗುತ್ತಿತ್ತು. ದೊರೆಯ ಹೆಗಲ ಮೇಲೆ ಕೋವಿಯೊಂದೇ. ಶಿಕಾರಿ ಸಾಹಿತ್ಯದ ಬಹುಪಾಲು ಪುಸ್ತಕಗಳಲ್ಲಿ ಕೋವಿಯ ತಯಾರಕನ ಹೆಸರು, ಗುಂಡಿನ ಅಳತೆ ಪುಟಗಟ್ಟಲೆ ಇರುತ್ತವೆ. ಹೊರೆ ಹೊತ್ತವರ ಹೆಸರು ಅಪರೂಪ. ಇದಕ್ಕೆ ತಕ್ಕಮಟ್ಟಿಗೆ ಹೊರತಾದವರು ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ಚಿತ್ತೂರಿನ ಕಾಡುಗಳೂ ಅವರ ಓಡಾಟದ ಸೀಮೆಯಾಗಿದ್ದವು. ಊರಿನವರನ್ನು ಜೊತೆಗಾರರೆಂದು ಹೆಸರಿಟ್ಟೇ ಬರೆದ ಅವರು, ಮಚಾನಿನ ಮೇಲೆ ರಾತ್ರಿ ಕೂರಲು ಜೊತೆಗೊಯ್ಯುತ್ತಿದ್ದ ಚಹಾದ ಫ್ಲಾಸ್ಕು, ಕಂಬಳಿ, ಟಾರ್ಚುಗಳನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದ ಕನ್ನಡದ ಓದುಗರಿಗೂ ಆ ಲೋಕ ಪರಿಚಿತವಾಯಿತು.

ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಾರಿಕೆಗೆ ಕಡಿವಾಣ ಹಾಕುವ ಕಾನೂನು ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳಿಗೆ ಪರವಾನಗಿ ಪಡೆದು ಬೇಟೆಯಾಡಲು ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಪರವಾನಗಿ ಪದ್ಧತಿಯನ್ನೇ ಕಿತ್ತುಹಾಕಿತು. ಕಾಯ್ದೆಯ ಪ್ರಕಾರ ಉರುಳು ಹಾಕುವುದು, ಬಲೆ ಬೀಸುವುದು, ಸೋವುವುದು, ಇವಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಾಯ್ದಿಟ್ಟ ಅರಣ್ಯವನ್ನು ಅನುಮತಿಯಿಲ್ಲದೆ ಹೊಗುವುದೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ತಪ್ಪು. ಗುಡ್ಡಗಾಡಿನಲ್ಲಿ ಕ್ರಮವಾಗಿ ಓಡಾಡಬೇಕೆನ್ನುವವರ ಬಳಿ ಅನುಮತಿ ಪತ್ರ, ಗುರುತಿನ ಚೀಟಿ ಮೊದಲು ಇರಬೇಕಾದ ವಸ್ತುಗಳು.

ಚೌಕಟ್ಟು ಬಂದ ಬಗೆ

ಬೆನ್ನ ಹೊರೆಗೆ ಮರದ ಚೌಕಟ್ಟು ಕಟ್ಟುವ ಉಪಾಯ ಬಹಳ ಹಳೆಯದು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ದೇಹದ ಬಳಿ ಬಿಲ್ಲುಬಾಣಗಳ ಜೊತೆಗೆ ಬಗ್ಗಿಸಿದ ಕೋಲು ಮತ್ತು ಹಲಗೆಗಳೂ ದೊರೆತವು. ಅದು ಬೆನ್ನಹೊರೆಯ ಚೌಕಟ್ಟೆಂಬುದು ಬಹುಪಾಲು ತಜ್ಞರ ಅಭಿಪ್ರಾಯ. ಆಧುನಿಕ ಚೀಲದ ಕಥೆ ನಾರ್ವೆಯಲ್ಲಿ ಶುರುವಾಗುತ್ತದೆ. ಒಲೆ ಬರ್ಗಾನ್ ಎಂಬಾತ ಬೇಟೆಗೆ ಹೋಗಿದ್ದಾಗ, ಬೆನ್ನಿಗಂಟಿ ಒತ್ತುತ್ತಿದ್ದ ಚೀಲದ ಹಿಂದೆ ಬೆನ್ನಿನ ಬಾಗಿಗೆ ತಕ್ಕಂತೆ ಮಣಿಸಿದ ಕೊಂಬೆಯೊಂದನ್ನು ಕಟ್ಟಿಕೊಂಡನಂತೆ. ಅದೇ ಆಲೋಚನೆ ಲೋಹದ ಚೌಕಟ್ಟಾಗಿ, 1909ರಲ್ಲಿ ಪೇಟೆಂಟಾಯಿತು. 1920ರ ದಶಕದಲ್ಲಿ ಅಮೆರಿಕದ ಲಾಯ್ಡ್ ನೆಲ್ಸನ್ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಮಾಡಿದ ‘ಟ್ರ್ಯಾಪರ್ ನೆಲ್ಸನ್’ ಬಹುಕಾಲ ಬೇಟೆಗಾರರ, ಅರಣ್ಯ ನೌಕರರ ಚೀಲವಾಗಿತ್ತು. 1952ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಅಲ್ಯುಮಿನಿಯಂ ಚೌಕಟ್ಟಿನ ಚೀಲ ಮಾರಾಟಕ್ಕೆ ತಂದರು. ಸೊಂಟಪಟ್ಟಿಯ ಬಳಕೆಯನ್ನು ಅವರು ಹರಡಿದ್ದು ಚೌಕಟ್ಟಿಗಿಂತಲೂ ದೊಡ್ಡ ಬದಲಾವಣೆ. ಹೆಗಲು ಹೊರುತ್ತಿದ್ದ ಭಾರದ ಹೆಚ್ಚಿನ ಪಾಲನ್ನು ಅಂದಿನಿಂದ ಸೊಂಟದ ಮೂಳೆ ಹೊರತೊಡಗಿತು. 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದೊಳಕ್ಕೆ ಸೇರಿಸಿದರು. ಇಂದು ಅಂಗಡಿಗಳಲ್ಲಿ ಕಾಣುವ ಬಹುಪಾಲು ಚಾರಣದ ಚೀಲಗಳು ಈ ಒಳಚೌಕಟ್ಟಿನವು.

ಬೇಟೆಗಾರರ ಚೀಲ ಮಾತ್ರ ಹೊರಚೌಕಟ್ಟನ್ನು ಪೂರ್ತಿ ಬಿಡಲಿಲ್ಲ. ಎಲ್ಕ್‌ನಂಥ ದೊಡ್ಡ ಪ್ರಾಣಿಯ ಮಾಂಸವನ್ನು ಒಬ್ಬನೇ ಒಂದೇ ಸಲಕ್ಕೆ ಹೊತ್ತು ತರಲಾಗದು. ಮೂಳೆ ಬಿಡಿಸಿ, ಗಾಳಿಯಾಡುವ ಬಟ್ಟೆಚೀಲಗಳಲ್ಲಿ ತುಂಬಿ, ಹಲವು ಸಲ ಓಡಾಡಿ ಸಾಗಿಸಬೇಕು. ಇದಕ್ಕೆಂದು ಚೌಕಟ್ಟಿಗೂ ಚೀಲಕ್ಕೂ ನಡುವೆ ತೆರೆದುಕೊಳ್ಳುವ ಜಾಗವೊಂದನ್ನು ಬಿಟ್ಟಿರುತ್ತಾರೆ. ಮಾಂಸದ ಗಂಟು ಅಲ್ಲಿ, ಬೆನ್ನಿಗೆ ಒತ್ತಿಕೊಂಡು ಕೂರುತ್ತದೆ. ಬಟ್ಟೆಬರೆ ಇರುವ ಹಗುರ ಚೀಲ ಅದರ ಹೊರಗೆ. ಭಾರವಾದದ್ದು ಬೆನ್ನಿಗೆ ಹತ್ತಿರ, ಹಗುರವಾದದ್ದು ದೂರ ಎಂಬ ಸೂತ್ರ ಇಷ್ಟು ನಿಚ್ಚಳವಾಗಿ ಬೇರಾವ ಚೀಲದಲ್ಲೂ ಕಾಣುವುದಿಲ್ಲ. ಕೋಲಾರದ ಗುಡ್ಡಗಳಲ್ಲಿ ಓಡಾಡುವವರು ಬೇಟೆಯ ಚೀಲದಿಂದ ಕಲಿಯಬೇಕಾದದ್ದು ಇದನ್ನೇ.

ನೀರೆಂಬ ಹೊರೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇತಮಂಗಲದ ಕೆರೆಗೆ ನೀರು ತರುವ ಪಾಲಾರ್ ಕೂಡ ಮಳೆಯನ್ನೇ ನಂಬಿದೆ. ಗುಡ್ಡದ ದೊಣೆಗಳಲ್ಲಿ ಮಳೆಗಾಲದ ನೀರು ಕೆಲವು ತಿಂಗಳು ನಿಂತಿದ್ದು, ಬೇಸಿಗೆಯ ಹೊತ್ತಿಗೆ ಪಾಚಿಗಟ್ಟಿ ಬತ್ತುತ್ತದೆ. ಉಳಿದಿದ್ದರೂ ಅದು ಕರಡಿಗೂ ಆನೆಗೂ ಬೇಕಾದ ನೀರು. ಅಲ್ಲಿಗೆ ಬಾಟಲಿ ಹಿಡಿದು ಹೋಗುವುದು ಅಪಾಯವೂ ಹೌದು, ಪ್ರಾಣಿಗಳಿಗೆ ಮಾಡುವ ಅನ್ಯಾಯವೂ ಹೌದು. ಹಾಗಾಗಿ ಕುಡಿಯುವ ನೀರನ್ನು ಊರಿಂದಲೇ ಹೊರಬೇಕು. ಬಿಸಿಲಿನಲ್ಲಿ ದಿನವಿಡೀ ನಡೆಯುವ ಒಬ್ಬರಿಗೆ ನಾಲ್ಕು ಲೀಟರ್ ಹೆಚ್ಚೇನಲ್ಲ. ನಾಲ್ಕು ಲೀಟರ್ ಎಂದರೆ ನಾಲ್ಕು ಕಿಲೋ. ಬುತ್ತಿ, ಟಾರ್ಚು, ದುರ್ಬೀನು, ಪ್ರಥಮ ಚಿಕಿತ್ಸೆಯ ಡಬ್ಬಿ, ಒಂದು ಹೊದಿಕೆ ಎಲ್ಲ ಸೇರಿದರೂ ನೀರಿನಷ್ಟು ತೂಗುವುದು ಕಷ್ಟ.

ನೀರೂ ಮಾಂಸದಂತೆ ಸಣ್ಣ ಜಾಗದಲ್ಲಿ ಬಹಳ ತೂಗುತ್ತದೆ, ಅಲುಗಾಡುತ್ತದೆ. ಆದ್ದರಿಂದ ಎರಡಕ್ಕೂ ಕಟ್ಟುವ ಕ್ರಮ ಒಂದೇ. ಆದರೆ ದಿಕ್ಕು ತಿರುವುಮುರುವು. ಬೇಟೆಗಾರನ ಹೊರೆ ಮರಳುವಾಗ ಏರುತ್ತದೆ. ನಮ್ಮ ಕಡೆಯ ಹೊರೆ ಬೆಳಗ್ಗೆ ಅತಿ ಭಾರವಾಗಿದ್ದು ಗಂಟೆಗಂಟೆಗೂ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಖಾಲಿಯಾದ ಚೀಲದಲ್ಲಿ ಉಳಿದ ಸಾಮಾನು ತಳಕ್ಕೆ ಜಾರಿ, ಇಳಿಜಾರಿನಲ್ಲಿ ಅತ್ತಿತ್ತ ಓಲಾಡುತ್ತದೆ. ಸಂಜೆ ಕಾಲು ಸೋತಿರುವಾಗ ಈ ಓಲಾಟ ಬೀಳಿಸುತ್ತದೆ. ಹಾಗಾಗಿ ಈ ಸೀಮೆಗೆ ಕೊಳ್ಳುವ ಚೀಲದಲ್ಲಿ ಲೀಟರಿನ ಅಂಕಿಗಿಂತ ಮುಂಚೆ ನೋಡಬೇಕಾದದ್ದು ಎರಡೂ ಪಕ್ಕದ ಬಿಗಿಪಟ್ಟಿಗಳನ್ನು. ಅವು ಮೇಲೊಂದು ಕೆಳಗೊಂದು ಇರಬೇಕು, ಚೀಲದ ಮೈಯನ್ನು ಬೆನ್ನಿಗೆ ಎಳೆದು ಕಟ್ಟುವಷ್ಟು ಉದ್ದವಿರಬೇಕು, ಎಳೆದಲ್ಲಿ ನಿಲ್ಲಬೇಕು. ಅಂಗಡಿಯಲ್ಲೇ ಚೀಲವನ್ನು ಅರ್ಧ ತುಂಬಿ ಬಿಗಿದು ನೋಡಿದರೆ ಗೊತ್ತಾಗುತ್ತದೆ.

ಎರಡು ಲೀಟರಿನ ಎರಡು ಬಾಟಲಿಗಳಿಗಿಂತ ಒಂದು ಲೀಟರಿನ ನಾಲ್ಕು ಬಾಟಲಿಗಳು ಮೇಲು. ಒಂದು ಒಡೆದರೂ ಮೂರು ಉಳಿಯುತ್ತವೆ. ಎರಡನ್ನು ಚೀಲದೊಳಗೆ ಬೆನ್ನಿಗೆ ತಾಗುವಂತೆ, ಭುಜದ ಎಲುಬುಗಳ ನಡುವಿನ ಮಟ್ಟಕ್ಕೆ ಬರುವಂತೆ ನಿಲ್ಲಿಸಿ, ಸುತ್ತ ಹೊದಿಕೆ ತುರುಕಬೇಕು. ಉಳಿದೆರಡು ಪಕ್ಕದ ಜೇಬುಗಳಲ್ಲಿ. ಚೀಲ ಕಳಚದೆಯೇ ಕೈಗೆ ಸಿಗುವ ಜೇಬಾದರೆ ಒಳ್ಳೆಯದು. ಕುಡಿಯಲು ಪ್ರತಿ ಸಲ ಚೀಲ ಇಳಿಸಬೇಕಾದವರು ಕಡಿಮೆ ಕುಡಿಯುತ್ತಾರೆ. ಕೊಳವೆಯಿಂದ ಹೀರುವ ನೀರಿನ ಚೀಲ ಅನುಕೂಲವೇ. ಮುಳ್ಳು ತಾಗಿ ತೂತಾದರೆ ಮಾತ್ರ ಇಡೀ ದಿನದ ನೀರು ನೆಲದ ಪಾಲು. ಅದನ್ನೊಂದನ್ನೇ ನಂಬಿ ಇಂಥ ಕಾಡಿಗೆ ಹೋಗಬಾರದು.

ಬೆನ್ನಿನ ಅಳತೆ

ಚೀಲ ಕೊಳ್ಳುವವರು ಎತ್ತರದ ಲೆಕ್ಕದಲ್ಲಿ ಅಳತೆ ಹೇಳುತ್ತಾರೆ. ಬೇಕಾದದ್ದು ಬೆನ್ನಿನ ಉದ್ದ. ಕತ್ತು ಮುಂದಕ್ಕೆ ಬಗ್ಗಿಸಿದಾಗ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಹಿಡಿದು, ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಎರಡೂ ಹೆಬ್ಬೆರಳುಗಳು ಬೆನ್ನ ಮೇಲೆ ಕೂಡುವ ರೇಖೆಯ ತನಕ ದರ್ಜಿಯ ಟೇಪಿನಿಂದ ಇನ್ನೊಬ್ಬರು ಅಳೆಯಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40ರಿಂದ 55 ಸೆಂಟಿಮೀಟರ್. ಐದೂವರೆ ಅಡಿಯ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ಒಂದೇ ಚೀಲ ಇಬ್ಬರಿಗೂ ಹೊಂದುವುದಿಲ್ಲ. ಹೆಂಗಸರಿಗೆ ಗಂಡಸರ ಅಳತೆಯ ಚೀಲ ಕೊಟ್ಟು ಕಳಿಸುವ ರೂಢಿ ಇಲಾಖೆಗಳಲ್ಲೂ ಚಾರಣದ ತಂಡಗಳಲ್ಲೂ ಇದೆ. ಅದು ತಪ್ಪು. ಹೆಗಲಪಟ್ಟಿಗಳ ನಡುವಿನ ಅಂತರ, ಸೊಂಟಪಟ್ಟಿಯ ಓರೆ ಎರಡೂ ಬೇರೆಯಿರಬೇಕಾಗುತ್ತದೆ. ಅರಣ್ಯ ರಕ್ಷಕಿಯರ ಸಂಖ್ಯೆ ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ಬೇಗ ಸರಿಯಾಗಬೇಕಾದ ವಿಷಯ.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡುವುದರಿಂದ ಏನೂ ತಿಳಿಯದು. ಏಳೆಂಟು ಕಿಲೋ ತುಂಬಿಸಿ, ಎಲ್ಲ ಪಟ್ಟಿಗಳನ್ನೂ ಸಡಿಲ ಬಿಟ್ಟು ಹೆಗಲಿಗೇರಿಸಬೇಕು. ಮೊದಲು ಸೊಂಟಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿಯಬೇಕು. ಅದು ಹೊಟ್ಟೆಯ ಮೇಲಿದ್ದರೆ ಉಸಿರು ಕಟ್ಟುತ್ತದೆ, ತೊಡೆಯ ಕಡೆಗಿಳಿದರೆ ಹೆಜ್ಜೆ ಕಟ್ಟುತ್ತದೆ. ಆಮೇಲೆ ಹೆಗಲಪಟ್ಟಿ, ನಂತರ ಹೆಗಲಿಂದ ಚೌಕಟ್ಟಿನ ನೆತ್ತಿಗೆ ಹೋಗುವ ಸಣ್ಣಪಟ್ಟಿ, ಕೊನೆಗೆ ಎದೆಪಟ್ಟಿ. ಹೆಗಲಪಟ್ಟಿಯ ಕೆಳಗೆ ಬೆರಳು ತೂರಿಸಿದರೆ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಭಾರ ಇನ್ನೂ ಹೆಗಲ ಮೇಲೇ ಇದೆ ಎಂದರ್ಥ. ಹಾಗೆಯೇ ಕಾಲು ಗಂಟೆ ನಡೆದು, ಮೆಟ್ಟಿಲಿದ್ದರೆ ಹತ್ತಿಳಿದು ನೋಡುವುದು ಉತ್ತಮ.

ಒಟ್ಟು ಹೊರೆ ದೇಹದ ತೂಕದ ಕಾಲುಭಾಗ ಮೀರಬಾರದು ಎಂಬುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಅಂದಾಜು. ಅರವತ್ತು ಕಿಲೋ ಮನುಷ್ಯನಿಗೆ ಹದಿನೈದು ಕಿಲೋ. ಬಿಸಿಲಿನ ಏರುದಾರಿಯಲ್ಲಿ ಇದಕ್ಕಿಂತ ಕಡಿಮೆಯೇ ಲೇಸು. ಒಂದು ದಿನದ ನಡಿಗೆಗೆ 30–35 ಲೀಟರ್ ಚೀಲ ಸಾಕು. ರಾತ್ರಿ ತಂಗುವುದಿದ್ದರೆ 45–55. ಅಮೆರಿಕದ ಬೇಟೆಗಾರರು ಹೊರುವ 80–100 ಲೀಟರಿನ ಚೀಲ ಇಲ್ಲಿ ಯಾರಿಗೂ ಬೇಕಿಲ್ಲ. ಜಾಗ ಇದ್ದಷ್ಟೂ ತುಂಬುವುದು ಮನುಷ್ಯರ ಸ್ವಭಾವ.

ಕೆ.ಜಿ.ಎಫ್.ನ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ದಿನಾ ಕಾಣುವ ಚೀಲ ಕಚೇರಿಯದು, ಲ್ಯಾಪ್‌ಟಾಪಿನದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಮುಂಜಾನೆ ರೈಲು ಹತ್ತುವ ಊರಿದು. ಅದೇ ಚೀಲವನ್ನು ಭಾನುವಾರ ಬೆಟ್ಟಕ್ಕೂ ಒಯ್ಯುವ ಹುಡುಗರಿದ್ದಾರೆ. ಮೂರು ನಾಲ್ಕು ಕಿಲೋ ತನಕ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಸೊಂಟಪಟ್ಟಿಯೂ ಚೌಕಟ್ಟೂ ಇಲ್ಲದ ಆ ಚೀಲ ಇಡೀ ಭಾರವನ್ನು ಹೆಗಲಿಗೇ ಬಿಡುತ್ತದೆ. ಎನ್.ಸಿ.ಸಿ. ಮತ್ತು ಸೈನ್ಯದವರ ‘ಪಿಟ್ಟು’ ಎಂಬ ಬೆನ್ನುಚೀಲ ಬಾಳಿಕೆಯಲ್ಲಿ ಮಿಗಿಲು, ತೂಕದಲ್ಲೂ ಮಿಗಿಲು. ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್, ಫ್ರಾನ್ಸಿನ ಡೆಕಾಥ್ಲಾನ್ ಮಳಿಗೆಗಳಲ್ಲಿ ಚಾರಣದ ಚೀಲಗಳನ್ನು ಹಾಕಿ ನೋಡಿ ಕೊಳ್ಳುವ ಅನುಕೂಲವಿದೆ. ಹಾಕಿ ನೋಡದೆ ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಒಂದು ದಿನದ ರೈಲು ಪ್ರಯಾಣ ಮೇಲು.

ಮುಳ್ಳು, ಬಂಡೆ, ಆನೆ

ಈ ಕಾಡುಗಳಲ್ಲಿ ಸೀಮೆಜಾಲಿ, ಕಾರೆ, ಲಂಟಾನ ದಟ್ಟವಾಗಿವೆ. ಹಗುರ ಚೀಲದ ತೆಳು ನೈಲಾನ್ ಒಂದೇ ದಿನದಲ್ಲಿ ಗೀರಿಹೋಗುತ್ತದೆ. ನೂಲಿನ ದಪ್ಪವನ್ನು ಡೀನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಈ ನೆಲಕ್ಕೆ ಮೈಗೆ 400–500, ತಳಕ್ಕೆ ಅದಕ್ಕೂ ಹೆಚ್ಚಿನ ದಪ್ಪದ ನೈಲಾನ್ ಇದ್ದರೆ ಬಾಳುತ್ತದೆ. ಹೊರಗೆ ಜೋಲುವ ಬಲೆಜೇಬು, ಉದ್ದ ಬಾಲದ ಪಟ್ಟಿ, ತೂಗುವ ಲೋಟ ಎಲ್ಲವೂ ಲಂಟಾನಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಚಾಪೆಯನ್ನು ಪಕ್ಕಕ್ಕೆ ಅಡ್ಡಡ್ಡ ಕಟ್ಟಿಕೊಂಡರೆ ಪೊದೆಯ ನಡುವಿನ ಕಾಲುದಾರಿಯಲ್ಲಿ ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ. ಹೊತ್ತವರ ಭುಜದ ಅಗಲ ಮೀರದ, ಮೈ ನುಣುಪಾದ, ಕಿರಿದಾದ ಚೀಲವೇ ಇಲ್ಲಿಗೆ ಸರಿ.

ಕೋಲಾರದ ಅಂತರಗಂಗೆಯಂಥ ಬಂಡೆಗುಡ್ಡದಲ್ಲಿ ಮಾತು ಸ್ವಲ್ಪ ಬದಲಾಗುತ್ತದೆ. ಕೈಯೂರಿ ಹತ್ತುವ ಕಡೆ ಭಾರ ಮೇಲಿದ್ದರೆ ತಲೆಗೆ ಗುದ್ದುತ್ತದೆ, ತೋಲ ತಪ್ಪುತ್ತದೆ. ಆಗ ಬಾಟಲಿಗಳನ್ನು ಒಂದು ಗೇಣು ಕೆಳಕ್ಕಿಳಿಸಿಕೊಳ್ಳಬೇಕು. ಬಂಡೆಸಂದಿಗಳಲ್ಲಿ ತೂರುವಾಗ ಚೀಲ ಕಳಚಿ ಕೈಯಿಂದ ಕೈಗೆ ದಾಟಿಸುವುದು ಇಲ್ಲಿನ ಕ್ರಮ. ಆದ್ದರಿಂದ ನೆತ್ತಿಯ ಹಿಡಿಕೆ ಎರಡು ಸಾಲು ಹೊಲಿಗೆಯದ್ದಾಗಿ, ತುಂಬಿದ ಚೀಲದ ಭಾರ ತಡೆಯುವಂತಿರಬೇಕು.

ಆನೆಯಿರುವ ಕಾಡಿಗೆ ಹೋಗುವವರು ಬಕಲ್‌ಗಳನ್ನು ಪರೀಕ್ಷಿಸಿಯೇ ಕೊಳ್ಳಬೇಕು. ಸೊಂಟದ್ದೂ ಎದೆಯದ್ದೂ ಒಂದೇ ಕೈಯಲ್ಲಿ, ನೋಡದೆಯೇ ಬಿಚ್ಚುವಂತಿರಬೇಕು. ಓಡಬೇಕಾದಾಗ ಹೊರೆಯನ್ನು ಬಿಟ್ಟು ಓಡಬೇಕು. ಗುರುತಿನ ಚೀಟಿ, ಫೋನು, ಸೀಟಿ ಚೀಲದಲ್ಲಿರದೆ ಅಂಗಿಯ ಜೇಬಿನಲ್ಲಿರಬೇಕೆನ್ನುವುದು ಇದೇ ಕಾರಣಕ್ಕೆ. ಬಾಳೆಹಣ್ಣು, ಹಲಸು, ಬೆಲ್ಲದಂಥ ವಾಸನೆಯ ತಿನಿಸು ಬೇಡ. ಹುರಿಗಾಳು, ರೊಟ್ಟಿ, ಚಟ್ನಿಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಬಹುದು. ಪ್ರಾಣಿಗಳನ್ನು ನೋಡಲೆಂದೇ ಹೋಗುವವರಿಗೆ ಸದ್ದೂ ಮುಖ್ಯ. ಬೇಟೆಯ ಚೀಲಗಳಿಗೆ ಮೆತ್ತನೆಯ, ಸರಸರ ಎನ್ನದ ಬಟ್ಟೆ ಹಾಕುವುದು ಇದಕ್ಕೇ. ವೆಲ್ಕ್ರೋ ಕಿತ್ತರೆ ನವಿಲು ಹಾರಿಹೋಗುತ್ತದೆ. ಬಣ್ಣ ಮಣ್ಣಿನದೋ ಹಸಿರಿನದೋ ಇರಲಿ. ಸೇನೆಯ ಸಮವಸ್ತ್ರದ ಚಿತ್ತಾರವನ್ನು ಹೋಲುವ ಚೀಲ ಮಾತ್ರ ಬೇಡ. ಮೂರು ರಾಜ್ಯಗಳು ಕೂಡುವ ಈ ಅಂಚಿನಲ್ಲಿ ಅದು ಅನಗತ್ಯ ಅನುಮಾನಕ್ಕೆ ಎಡೆಮಾಡುತ್ತದೆ.

ಮಳೆಯನ್ನು ಯಾವ ಹೊಲಿದ ಚೀಲವೂ ಪೂರ್ತಿ ತಡೆಯುವುದಿಲ್ಲ. ಸೂಜಿತೂತು, ಜಿಪ್ಪುಗಳಿಂದ ನೀರು ಒಳಗಿಳಿಯುತ್ತದೆ. ಹೊರಹೊದಿಕೆಯನ್ನು ಮುಳ್ಳು ಹರಿಯುತ್ತದೆ. ಗೊಬ್ಬರದ ಚೀಲದೊಳಗೆ ಬರುವಂಥ ದಪ್ಪ ಪ್ಲಾಸ್ಟಿಕ್ ಹಾಳೆಯ ಹೊಸ ಚೀಲವೊಂದನ್ನು ಒಳಗಿಟ್ಟು ಅದರೊಳಗೆ ಸಾಮಾನು ತುಂಬಿ ಬಾಯಿ ತಿರುಚಿದರೆ ಸಾಕು.

ದುರಸ್ತಿ

ಮೊದಲು ಕೈಕೊಡುವುದು ಜಿಪ್ಪು, ಆಮೇಲೆ ಹೆಗಲಪಟ್ಟಿಯ ಬುಡದ ಹೊಲಿಗೆ. ಜಿಪ್ಪಿನ ರನ್ನರ್ ಸವೆದು ಹಲ್ಲುಗಳನ್ನು ಹಿಡಿಯದಂತಾದರೆ ಇಡೀ ಜಿಪ್ಪು ಬದಲಿಸಬೇಕಾಗಿಲ್ಲ. ಅದೇ ಅಳತೆಯ ಹೊಸ ರನ್ನರ್ ಸಾಕು. ಪಟ್ಟಿಯ ಬುಡ ಬಿಟ್ಟುಕೊಂಡರೆ ಚಪ್ಪಲಿ ಹೊಲಿಯುವವರು ದಬ್ಬಳದಲ್ಲಿ ಮೇಣದ ದಾರ ಹಾಕಿ ಚೌಕಾಕಾರವಾಗಿ ಹೊಲಿದು, ನಡುವೆ ಕತ್ತರಿಗುರುತಿನ ಹೊಲಿಗೆ ಹಾಕಿಕೊಡುತ್ತಾರೆ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಂಥ ಪೇಟೆಗಳಲ್ಲಿ ಈ ಕೈಕೆಲಸ ಇನ್ನೂ ಉಳಿದಿರುವುದು ದೊಡ್ಡ ಅನುಕೂಲ. ಕಾರ್ಖಾನೆಯ ಹೊಲಿಗೆಗಿಂತ ಅದು ಹೆಚ್ಚು ಬಾಳಿದರೂ ಆಶ್ಚರ್ಯವಿಲ್ಲ. ಕಾಡಿಗೆ ಹೋಗುವಾಗಲೂ ಒಂದು ದಬ್ಬಳ, ನಾಲ್ಕು ಮೊಳ ದಾರ, ಒಂದು ಹೆಚ್ಚುವರಿ ಬಕಲ್ ಜೊತೆಗಿರಬೇಕು.

ಬೆವರಿನ ಉಪ್ಪು ಪಟ್ಟಿಯ ಬಟ್ಟೆಯನ್ನು ಗಡಸು ಮಾಡುತ್ತದೆ. ಸಾದಾ ನೀರಿನಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ, ತಗಡಿನ ಮಾಡಿನ ಕೆಳಗೆ ಬೇಸಿಗೆಯಿಡೀ ಮಡಚಿಟ್ಟರೆ ಒಳಮೈಯ ಲೇಪ ಅಂಟಂಟಾಗಿ ಸುಲಿಯುತ್ತದೆ. ಮರಳಿದ ದಿನವೇ ಚೀಲವನ್ನು ಒಳಹೊರಗು ಮಾಡಿ ಕೊಡವಿ, ಪಟ್ಟಿಯ ಮಡಿಕೆಗಳಲ್ಲಿ ಸೇರಿದ ಲಂಟಾನ, ಪಾರ್ಥೇನಿಯಂ ಬೀಜಗಳನ್ನು ಆರಿಸಿ ಸುಟ್ಟುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಸಲ ಅವು ಇನ್ನೊಂದು ಗುಡ್ಡದಲ್ಲಿ ಬೇರು ಬಿಡುತ್ತವೆ.